ಕುಸುಬಿಯ ನೆಂಟ ನಮ್ಮ ಅಡುಗೆಮನೆಗೆ ಬಂದದ್ದು

ಹೋದ ಏಪ್ರಿಲ್‌ನಲ್ಲಿ ಅವ್ವ ಗದಗಿನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ, ನಮ್ಮ ಮನೆಗೆ ಬಂದಿದ್ದಳು. ಕಟ್ಟೆಯ ಮೇಲಿದ್ದ ಆರ್ಟಿಚೋಕ್ ಅನ್ನುವ ಇಲ್ಲಿಯ ತರಕಾರಿ ಎತ್ತಿ, ತಿರುಗಿಸಿ ನೋಡಿ, "ಇದು ಕುಸುಬಿ ಮೊಗ್ಗಿ ಇದ್ದಂಗ ಐತಲ್ಲವ್ವ" ಅಂದಳು. ಎರಡು ವರ್ಷದಿಂದ ಬೇಯಿಸುತ್ತಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಅವಳ ಮಾತು ಸರಿ. ಕುಸುಬಿ, ಆರ್ಟಿಚೋಕ್ ಎರಡೂ ಒಂದೇ ಬಳಗದ ಮುಳ್ಳುಗಿಡಗಳು. ಆರ್ಟಿಚೋಕ್‌ನಲ್ಲಿ ನಾವು ತಿನ್ನುವುದು ಅರಳದ ಹೂವನ್ನು, ಅಂದರೆ ಮೊಗ್ಗನ್ನು. ಗಿಡದಲ್ಲೇ ಬಿಟ್ಟರೆ ಬಿರಿದು ನೇರಳೆ ಹೂವಾಗುತ್ತದೆ.

ಮೊದಲ ಸಲ ಮಾಡಿದಾಗ ಇದ್ಯಾವುದೂ ಗೊತ್ತಿರಲಿಲ್ಲ. ಸುಮ್ನೆ ನಾಲ್ಕು ಹೋಳು ಮಾಡಿ ಅಲ್ಯೂಮಿನಿಯಂ ಕುಕ್ಕರಿಗೆ ಹಾಕಿದೆ. ಕತ್ತರಿಸಿದ ಕಡೆಯೆಲ್ಲ ಕಪ್ಪಾಯಿತು. ಎಸಳನ್ನು ಪೂರ್ತಿ ಅಗಿದೆವು, ಬರೀ ನಾರು. ನಡುವಿನ ಕೂದಲಿನಂಥ ನವಿರು ಗಂಟಲಲ್ಲಿ ಸಿಕ್ಕಿ ಮಗ ಕೆಮ್ಮಿ ಕೆಮ್ಮಿ ಅತ್ತ. ನನಗೆ ತುಂಬಾ ಬೇಜಾರಾಯಿತು.

ನಮ್ಮಲ್ಲಿಂದ ದಕ್ಷಿಣಕ್ಕೆ ಸುಮಾರು ಒಂದು ತಾಸು ಹೋದರೆ ಮಾಂಟೆರೆ ಕೌಂಟಿಯ ಕ್ಯಾಸ್ಟ್ರೋವಿಲ್. ಸಮುದ್ರದ ಮಂಜು, ತಂಪು ಗಾಳಿ, ಎಲ್ಲಿ ನೋಡಿದರೂ ಆರ್ಟಿಚೋಕ್ ಹೊಲ. ಮಾರ್ಚ್‌ನಿಂದ ಮೇವರೆಗೆ ಒಳ್ಳೆಯ ಸುಗ್ಗಿ. ಆರಿಸುವುದನ್ನು ಅಲ್ಲಿ ರಸ್ತೆಬದಿಯ ಅಂಗಡಿಯಾಕೆ ಕಲಿಸಿದರು. ಕೈಗೆ ಭಾರ ಅನಿಸಬೇಕು. ಎಸಳು ಬಿಗಿಯಾಗಿ ಮುಚ್ಚಿರಬೇಕು. ಅಮುಕಿದರೆ ಕಿರ್ ಅಂತ ಸದ್ದು ಬರಬೇಕು. ಸದ್ದಿಲ್ಲದೆ ಮೆತ್ತಗಿದ್ದರೆ ಹಳೆಯದು, ಬಿಟ್ಟುಬಿಡಿ.

ಈಗ ನಾನು ಮಾಡುವುದು ಹೀಗೆ. ಮೊದಲು, ಕತ್ತರಿಸಿದ್ದನ್ನು ಅದ್ದಲು ಅರ್ಧ ನಿಂಬೆಹಣ್ಣು ಹಿಂಡಿದ ನೀರು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಬದನೆಕಾಯಿಯ ಹಾಗೆ ಇದೂ ಗಾಳಿ ತಾಗಿದರೆ ಕಪ್ಪಾಗುತ್ತದೆ, ಅದಕ್ಕಿಂತ ಬೇಗ. ಕಬ್ಬಿಣ, ಅಲ್ಯೂಮಿನಿಯಂ ಮುಟ್ಟಿಸಬೇಡಿ, ಸ್ಟೀಲ್ ಚಾಕುವೇ ಇರಲಿ. ತುದಿಯಿಂದ ಒಂದು ಇಂಚು ಕತ್ತರಿಸಿ ತೆಗೆಯುತ್ತೇನೆ. ಉಳಿದ ಎಸಳುಗಳ ಮುಳ್ಳನ್ನು ಕತ್ತರಿಯಿಂದ ಕತ್ತರಿಸುತ್ತೇನೆ. ತೊಟ್ಟನ್ನು ಎಸೆಯಬೇಡಿ. ಅದರ ಒಳಗಿನದು ತಳದ ತಿರುಳಿನದೇ ಮುಂದುವರಿಕೆ, ಸಿಪ್ಪೆ ಹೆರೆದರೆ ಅಷ್ಟೇ ರುಚಿ.

ಬೇಯಿಸುವುದು ಇಡ್ಲಿ ಪಾತ್ರೆಯಲ್ಲಿ. ತಟ್ಟೆ ತೆಗೆದು, ಒಳಗೊಂದು ಜಾಲರಿ ಇಟ್ಟು, ಮೊಗ್ಗನ್ನು ತಲೆಕೆಳಗಾಗಿ ಕೂರಿಸಿ, ದೊಡ್ಡದಾದರೆ 40 ನಿಮಿಷ ಹಬೆ. ನಡುವೆ ನೀರು ಆರದಂತೆ ನೋಡಿಕೊಳ್ಳಿ. ಗಡಿಯಾರಕ್ಕಿಂತ ಎಸಳನ್ನು ನಂಬಿ. ನಡುವಿನ ಒಂದು ಎಸಳು ಹಿಡಿದು ಎಳೆದಾಗ ಮುಲಾಜಿಲ್ಲದೆ ಕಳಚಿ ಬಂದರೆ ಬೆಂದಿದೆ. ಹಟ ಮಾಡಿದರೆ ಇನ್ನೈದು ನಿಮಿಷ.

ತಿನ್ನುವುದಕ್ಕೆ ಅವಸರ ಬೇಡ. ಒಂದೊಂದೇ ಎಸಳು ಕಿತ್ತು, ಬುಡದ ಬಿಳಿ ತಿರುಳನ್ನು ಹಲ್ಲಿನಿಂದ ಎಳೆದು ತಿಂದು, ಉಳಿದದ್ದನ್ನು ಪಕ್ಕಕ್ಕಿಡಬೇಕು. ನುಗ್ಗೆಕಾಯಿ ತಿಂದು ಬೆಳೆದವರಿಗೆ ಇದು ಹೇಳಿಕೊಡಬೇಕಾ? ಇಲ್ಲಿಯವರು ಕರಗಿಸಿದ ಬೆಣ್ಣೆಯಲ್ಲಿ ಅದ್ದುತ್ತಾರೆ. ನಮ್ಮ ಮನೆಯಲ್ಲಿ ಗಟ್ಟಿ ಮೊಸರಿಗೆ ಎರಡು ಚಮಚ ಶೇಂಗಾ ಚಟ್ನಿ ಪುಡಿ ಕಲಸುತ್ತೇವೆ. ನನಗೆ ಅದೇ ಜಾಸ್ತಿ ಇಷ್ಟ.

ಎಸಳು ಮುಗಿದ ಮೇಲೆ ನವಿರು ಕಾಣುತ್ತದೆ. ಅದರ ಒಂದೊಂದು ಎಳೆಯೂ ಹೂವಾಗಬೇಕಿದ್ದದ್ದು. ಬೇಯುವ ಮೊದಲು ತೆಗೆಯಲು ಹೋದರೆ ಕೈ ಸೋಲುತ್ತದೆ, ಬೆಂದ ಮೇಲೆ ಚಮಚದಿಂದ ಕೆರೆದರೆ ಪದರವಾಗಿ ಏಳುತ್ತದೆ. ಒಂದೂ ಎಳೆ ಉಳಿಸಬೇಡಿ. ಅದರ ಕೆಳಗೆ ಬಟ್ಟಲಿನಂಥ ತಿರುಳು. ಅಷ್ಟು ಹೊತ್ತು ಕೂತದ್ದು ಅದಕ್ಕಾಗಿಯೇ ಅಲ್ವಾ!

ತಿಂದ ಮೇಲೆ ನೀರು ಕುಡಿದರೆ ಸಿಹಿ ಅನಿಸಬಹುದು. ಇದರಲ್ಲಿರುವ ಸೈನರಿನ್ ಅನ್ನುವ ಅಂಶ ಅದಕ್ಕೆ ಕಾರಣ. ಎಲ್ಲರಿಗೂ ಹಾಗಾಗುವುದಿಲ್ಲ. ಅವ್ವನಿಗೆ ಅನಿಸಿತು, ನನಗೆ ಇಲ್ಲ.

ನಿಂಬೆಗಾತ್ರದ ಚಿಕ್ಕವೂ ಸಿಗುತ್ತವೆ. ಅವು ಎಳೆಯವಲ್ಲ, ಗಿಡದ ಕೆಳಗಿನ ಕವಲಲ್ಲಿ ಬಲಿತವು. ನವಿರು ಬೆಳೆದಿರುವುದಿಲ್ಲ. ಹಳದಿ ಎಸಳು ಕಾಣುವವರೆಗೆ ಹೊರಗಿನವನ್ನು ಕಿತ್ತು, ತುದಿ ಕತ್ತರಿಸಿ, ಎರಡು ಹೋಳು ಮಾಡಿದರೆ ಸಾಕು. ಅವ್ವ ಊರಿಂದ ಗಾಣದ ಕುಸುಬಿ ಎಣ್ಣೆ ತಂದಿದ್ದಳು. ಅದರಲ್ಲೇ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿಟ್ಟು ಬೇಯಿಸಿದೆ. ಜೋಳದ ರೊಟ್ಟಿಯ ಜೊತೆ ಅವ್ವ ಎರಡು ಸಲ ಹಾಕಿಸಿಕೊಂಡಳು.