ನೋಕಿಯಾ ಬಟನ್ ಫೋನ್: ಕೊಳ್ಳುವಾಗ, ಬಳಸುವಾಗ

2014ರಲ್ಲಿ ಫೋನ್ ವ್ಯವಹಾರವನ್ನು ಮೈಕ್ರೋಸಾಫ್ಟ್‌ಗೆ ಬಿಟ್ಟುಕೊಟ್ಟ ನೋಕಿಯಾದ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದದ್ದು ಫಿನ್‌ಲೆಂಡಿನ ಎಚ್‌ಎಂಡಿ ಕಂಪನಿ. ರಾಯಚೂರು, ಸಿಂಧನೂರು ಕಡೆ ಹೊಲಕ್ಕೆ ಒಯ್ಯಲು ನೋಕಿಯಾ ಬಟನ್ ಫೋನ್ ಬೇಕೆನ್ನುವವರು ಮೊದಲು ನೆಟ್‌ವರ್ಕ್ ನೋಡಬೇಕು. 2017ರಲ್ಲಿ ಇಲ್ಲಿಗೆ ಬಂದ ಹೊಸ 3310 ಮಾದರಿ ಬರೀ 2ಜಿ. ಜಿಯೊಗೆ 2ಜಿ ಇಲ್ಲವೇ ಇಲ್ಲ. ಆ ಸಿಮ್ ಹಾಕಿದರೆ ಸಿಗ್ನಲ್ ಬರದು. ಫೋನ್ ಕೆಟ್ಟಿದೆ ಎಂದು ರಿಪೇರಿಗೆ ದುಡ್ಡು ಸುರಿಯಬೇಡಿ. ಡಬ್ಬಿಯ ಮೇಲೆ 4ಜಿ ಎಂದಿರುವುದನ್ನೇ ಆರಿಸಿ. 105, 110 ಮಾದರಿಗಳೆರಡರಲ್ಲೂ 2ಜಿ, 4ಜಿ ಬೇರೆ ಬೇರೆ ಬಂದಿವೆ, ಹೆಸರೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ.

ಅಂಗಡಿಯಲ್ಲೇ *#06# ಒತ್ತಿ. ಬರುವ 15 ಅಂಕಿಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಡಬ್ಬಿಯ ಮೇಲಿನದಕ್ಕೆ ಹೊಂದಬೇಕು. ಬಿಲ್ ಇಟ್ಟುಕೊಳ್ಳಿ.

ಸಿಮ್ ಸಣ್ಣದಾಗಿದ್ದರೆ ಅಡಾಪ್ಟರ್ (ಸಣ್ಣ ಸಿಮ್ಮನ್ನು ದೊಡ್ಡ ಜಾಗಕ್ಕೆ ಹೊಂದಿಸುವ ಚೌಕಟ್ಟು) ಹಾಕಬಹುದು. ಖಾಲಿ ಅಡಾಪ್ಟರ್ ಮಾತ್ರ ತೂರಿಸಲೇಬೇಡಿ: ಒಳಗಿನ ಪಿನ್ನುಗಳು ಅದಕ್ಕೆ ಸಿಕ್ಕಿಕೊಂಡು, ಎಳೆಯುವಾಗ ಮುರಿಯುತ್ತವೆ.

ಹೆಚ್ಚು ಕಾಳಜಿ ಬೇಕಾದದ್ದು ಬ್ಯಾಟರಿಗೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಟ್ರ್ಯಾಕ್ಟರಿನ ಮೇಲೆ ಫೋನ್ ಬಿಟ್ಟರೆ ಬ್ಯಾಟರಿ ಬೇಗ ಹಾಳಾಗುತ್ತದೆ, ಉಬ್ಬಲೂಬಹುದು. ತಿಂಗಳಿಗೊಮ್ಮೆ ಹೊರತೆಗೆದು ಗಾಜಿನ ಮೇಲೆ ಮಲಗಿಸಿ, ಬೆರಳಿಂದ ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಉಬ್ಬಿದೆ ಎಂದರ್ಥ. ಅದನ್ನು ಚುಚ್ಚಬೇಡಿ, ಮತ್ತೆ ಚಾರ್ಜಿಗೂ ಇಡಬೇಡಿ. ಬದಲಿ ಬ್ಯಾಟರಿ ತರುವಾಗ ಹಳೆಯದನ್ನೇ ಒಯ್ದು ಮೇಲಿನ ನಂಬರು ಹೊಂದಿಸಿ. ಅಗ್ಗದ ನಕಲಿಗಳಲ್ಲಿ ಬರೆದಷ್ಟು ಎಂಎಎಚ್ (ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಇರುವುದು ಅಪರೂಪ.