ಚಾರಿಟಿ ಶಾಪ್‌ಗಳಲ್ಲಿ ಹಳೆಯ ರೆಕಾರ್ಡ್, ಸಿಡಿ ಹುಡುಕುವ ಬಗೆ

ಚಾರಿಟಿ ಶಾಪ್ ಎಂದರೆ ಜನ ದಾನ ಕೊಟ್ಟ ಹಳೆಯ ಸಾಮಾನು ಮಾರಿ ಆ ದುಡ್ಡನ್ನು ಒಳ್ಳೆಯ ಕೆಲಸಕ್ಕೆ ಬಳಸುವ ಅಂಗಡಿ. ಅಲ್ಲಿಗೆ ರೆಕಾರ್ಡುಗಳು ಬಿಡಿಬಿಡಿಯಾಗಿ ಬರುವುದು ಕಡಿಮೆ. ಯಾರೋ ಮನೆ ಬದಲಿಸುತ್ತಾರೆ, ಹಿರಿಯರೊಬ್ಬರು ತೀರಿಕೊಂಡ ಮೇಲೆ ಮನೆಯವರು ಅಟ್ಟ ಖಾಲಿ ಮಾಡುತ್ತಾರೆ. ಒಬ್ಬರು ಜೀವಮಾನವಿಡೀ ಕೂಡಿಸಿದ್ದು ಒಂದೇ ದಿನ ಚೀಲಗಟ್ಟಲೆ ಬಂದು ಬೀಳುತ್ತದೆ. ಹಾಗಾಗಿ ಪೆಟ್ಟಿಗೆಯಲ್ಲಿ ಒಂದು ಒಳ್ಳೆಯ ಜಾಝ್ ಎಲ್‌ಪಿ ಕಂಡರೆ ಅದರ ಒಡಹುಟ್ಟಿದವು ಅಲ್ಲೇ ಎಲ್ಲೋ ಇರುವ ಸಾಧ್ಯತೆ ಹೆಚ್ಚು. ಹಳೆಯ ಮಾಲೀಕರು ಲೇಬಲ್ ಮೇಲೋ ಕವರಿನ ಮೂಲೆಯಲ್ಲೋ ಹೆಸರು, ಕೊಂಡ ತಾರೀಖು ಬರೆದಿರುತ್ತಾರೆ, ಎಲ್ಲಕ್ಕೂ ಒಂದೇ ಬಗೆಯ ಪ್ಲಾಸ್ಟಿಕ್ ಹೊರಕವರ್ ಹಾಕಿರುತ್ತಾರೆ. ಆ ಗುರುತು ಹಿಡಿದು ಉಳಿದ ಪೆಟ್ಟಿಗೆಗಳನ್ನು, ಸಿಡಿ ಕಪಾಟನ್ನೂ ಇನ್ನೊಮ್ಮೆ ನೋಡಿ. ಆಮೇಲೆ ಕೌಂಟರಿನಲ್ಲಿ ‘ಇದರ ಜೊತೆ ಬಂದದ್ದು ಒಳಗೆ ಇನ್ನೂ ಇದೆಯಾ?’ ಎಂದು ಕೇಳಿ. ದಾನ ಬಂದದ್ದೆಲ್ಲ ಒಮ್ಮೆಗೇ ಹೊರಗೆ ಬರುವುದಿಲ್ಲ. ಜಾಗ ಖಾಲಿಯಾದ ಹಾಗೆ ಹಿಂದಿನ ಕೋಣೆಯಿಂದ ಸ್ವಲ್ಪಸ್ವಲ್ಪವೇ ಇಡುತ್ತಾರೆ. ಒಂದು ಸಂಗ್ರಹದ ಸುಳಿವು ಸಿಕ್ಕ ಅಂಗಡಿಗೆ ಎರಡು ಮೂರು ದಿನ ಬಿಟ್ಟು ಮತ್ತೆ ಹೋಗುವುದು ಹತ್ತು ಹೊಸ ಅಂಗಡಿ ಸುತ್ತುವುದಕ್ಕಿಂತ ಲಾಭ. ಯಾವ ದಿನ ಸರಕು ಹೊರಗಿಡುತ್ತಾರೆ ಎಂಬುದನ್ನೂ ಅಲ್ಲಿನ ಸ್ವಯಂಸೇವಕರನ್ನೇ ಕೇಳಬಹುದು, ಮುಚ್ಚಿಡುವ ವಿಷಯವೇನಲ್ಲ.

ಹೋಗುವಾಗ ಬೇಕಾದದ್ದು ಕಡಿಮೆ: ಚಾರ್ಜ್ ಇರುವ ಫೋನು, ಸಣ್ಣ ಟಾರ್ಚು, ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆ, ಕೈ ಒರೆಸಿಕೊಳ್ಳಲು ಒದ್ದೆ ಟಿಶ್ಯೂ. ಎಲ್‌ಪಿ ಕವರ್ ಹನ್ನೆರಡು ಇಂಚಿಗಿಂತ ತುಸು ದೊಡ್ಡದು. ಅದು ಮಡಚದೆ ನಿಲ್ಲುವಷ್ಟು ಅಗಲದ ಚೀಲ, ಅದರೊಳಗೆ ಒಂದು ಗಟ್ಟಿ ರಟ್ಟು ಇರಲಿ.

ಪೆಟ್ಟಿಗೆ ಬಿಗಿಯಾಗಿ ತುಂಬಿದ್ದರೆ ಎಳೆಯಲು ಹೋಗಬೇಡಿ, ಕವರಿನ ಅಂಚು ಹರಿಯುತ್ತದೆ. ಮುಂದಿನಿಂದ ಒಂದು ಹಿಡಿಯಷ್ಟು ತೆಗೆದು ಪಕ್ಕಕ್ಕಿಟ್ಟರೆ ಉಳಿದವನ್ನು ಒಂದೊಂದಾಗಿ ನಿಮ್ಮ ಕಡೆಗೆ ಬಾಗಿಸಿ ನೋಡಲು ಜಾಗವಾಗುತ್ತದೆ. ಮೊದಲ ಸುತ್ತಿನಲ್ಲಿ ಹೆಸರು ಮಾತ್ರ ನೋಡಿ, ಬೇಕೆನಿಸಿದ್ದನ್ನು ಅರ್ಧ ಇಂಚು ಮೇಲಕ್ಕೆತ್ತಿ ಬಿಟ್ಟು ಮುಂದೆ ಹೋಗಿ. ತೆಗೆದು ಪರೀಕ್ಷಿಸುವುದು ಎರಡನೇ ಸುತ್ತಿನಲ್ಲಿ. ಎರಡನ್ನೂ ಒಟ್ಟಿಗೆ ಮಾಡಲು ಹೊರಟರೆ ಅರ್ಧ ಪೆಟ್ಟಿಗೆಗೇ ಕಣ್ಣು ಸೋಲುತ್ತದೆ.

ರೆಕಾರ್ಡ್ ಪರೀಕ್ಷೆ

ಇಲ್ಲಿ ಅವಸರ ಬೇಡ. ಅಗ್ಗವೆಂದು ತಂದ ಹಾಳು ರೆಕಾರ್ಡಿಗೆ ಮನೆಯಲ್ಲಿ ಜಾಗ ಮಾತ್ರ ದಂಡ. ಮೊದಲು ಲೇಬಲ್ ಓದಿ: ಕವರಿನಲ್ಲಿ ಒಂದು, ಒಳಗೆ ಇನ್ನೊಂದು ಇರುವುದು ತೀರಾ ಮಾಮೂಲು. ಜೋಡಿ ಆಲ್ಬಮ್ ಆದರೆ ಎರಡೂ ಇವೆಯೇ, ಬಾಕ್ಸ್ ಸೆಟ್ ಆದರೆ ಎಲ್ಲ ಸಂಖ್ಯೆಗಳೂ ಇವೆಯೇ ಎಣಿಸಿ. ಡಿಸ್ಕನ್ನು ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ ಹಿಡಿದು, ಟಾರ್ಚಿನ ಬೆಳಕು ಓರೆಯಾಗಿ ಬೀಳುವಂತೆ ನಿಧಾನವಾಗಿ ಓಲಾಡಿಸಿ.

ಕೂದಲೆಳೆಯಂಥ ಸಣ್ಣ ಗೀರುಗಳು ಒಳಕವರಿನ ಕಾಗದ ಉಜ್ಜಿ ಆದವು. ನೋಡಲು ಅಸಹ್ಯವಾದರೂ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ. ಬೆರಳ ತುದಿಯನ್ನು ಹಗುರವಾಗಿ ಆಡಿಸಿದಾಗ ತಗಲುವ ಗೀರು ಮಾತ್ರ ಖಂಡಿತ ಕೇಳಿಸುತ್ತದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು, ಗ್ರೂವುಗಳನ್ನು (ಸೂಜಿ ಓಡುವ ಸಣ್ಣ ಕಾಲುವೆಗಳನ್ನು) ಅಡ್ಡಕ್ಕೆ ದಾಟಿದ ಗೀರು 1.8 ಸೆಕೆಂಡಿಗೊಮ್ಮೆ ‘ಟಿಕ್’ ಎನ್ನುತ್ತದೆ, ಆ ಹಾಡಿನಲ್ಲಿ ಅದು ಎಷ್ಟು ಅಗಲಕ್ಕೆ ಹಬ್ಬಿದೆಯೋ ಅಷ್ಟು ಹೊತ್ತು. ಗ್ರೂವಿನ ದಿಕ್ಕಿನಲ್ಲೇ ಓರೆಯಾಗಿ ಸಾಗಿದ ಗೀರು ಇನ್ನೂ ಕೆಟ್ಟದ್ದು. ಸೂಜಿ ಅದರ ಹಾದಿ ಹಿಡಿದು ಹಾರುತ್ತದೆ, ಇಲ್ಲವೇ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸುತ್ತದೆ. ಅಂಥದ್ದನ್ನು ಬಿಟ್ಟುಬಿಡಿ.

ಗೀರಿಗಿಂತ ಮೋಸದ ದೋಷವೆಂದರೆ ಸವೆತ. ಗೀರೇ ಇಲ್ಲದ ಡಿಸ್ಕು ಹೊಳಪು ಕಳೆದು ಬೂದುಬಣ್ಣಕ್ಕೆ ತಿರುಗಿದ್ದರೆ, ಅದರಲ್ಲೂ ಸಂಗೀತ ಜೋರಾಗುವ ಕಡೆ ಪಟ್ಟೆಪಟ್ಟೆಯಾಗಿ ಬಿಳಿಚಿದ್ದರೆ, ಸವೆದ ಸೂಜಿಯೋ ತೀರಾ ಭಾರದ ಪಿಕಪ್ಪೋ ಗ್ರೂವಿನ ಗೋಡೆಗಳನ್ನು ಕೆರೆದಿದೆ ಎಂದರ್ಥ. ಈಗಿನ ಕಾರ್ಟ್ರಿಜ್‌ಗಳು (ಸೂಜಿ ಕೂರುವ ಪಿಕಪ್ ತಲೆಗಳು) ಸಾಮಾನ್ಯವಾಗಿ ಒಂದೂವರೆ, ಎರಡು ಗ್ರಾಂ ಒತ್ತಡದಲ್ಲಿ ಓಡುತ್ತವೆ. ಹಳೆಯ ಪೆಟ್ಟಿಗೆ ಪ್ಲೇಯರುಗಳದು ಅದರ ಎರಡರಷ್ಟಕ್ಕೂ ಮೇಲೆ. ಹಾಗೆ ಸವೆದ ಗ್ರೂವಿನ ಒಡಕು ದನಿ ಯಾವ ತೊಳೆತಕ್ಕೂ ಹೋಗುವುದಿಲ್ಲ. ಲೇಬಲ್ಲಿನ ರಂಧ್ರದ ಸುತ್ತ ನೋಡಿದರೂ ಅಂದಾಜು ಸಿಗುತ್ತದೆ: ಪ್ಲೇಯರಿನ ನಡುವಿನ ಕಡ್ಡಿ ತಗಲಿದ ಸಣ್ಣ ಗೆರೆಗಳು ಬಲೆಯಂತೆ ತುಂಬಿದ್ದರೆ ಎಷ್ಟೋ ಸಲ ಹಾಕಿದ ರೆಕಾರ್ಡು. ಪಾರ್ಟಿಗಳಲ್ಲಿ ಓಡಿದ ಪಾಪ್ ರೆಕಾರ್ಡುಗಳಲ್ಲಿ ಈ ಸವೆತ ಹೆಚ್ಚು, ಶಾಸ್ತ್ರೀಯ ಸಂಗೀತದವುಗಳಲ್ಲಿ ಕಡಿಮೆ. ಪಾಶ್ಚಾತ್ಯ ಶಾಸ್ತ್ರೀಯ ಬಾಕ್ಸ್ ಸೆಟ್ಟುಗಳಲ್ಲಂತೂ ಮೊದಲ ಡಿಸ್ಕು ಮಾತ್ರ ಬಳಕೆಯಾಗಿ ಉಳಿದವು ಹೊಸದರಂತೆಯೇ ಇರುವುದುಂಟು. ಜನ ಇವನ್ನು ದಾಟಿ ಹೋಗುತ್ತಾರೆ, ನೀವು ದಾಟಬೇಡಿ. ಡೆಕ್ಕಾದ ಎಸ್‌ಎಕ್ಸ್‌ಎಲ್, ಕೊಲಂಬಿಯಾದ ಎಸ್‌ಎಎಕ್ಸ್, ಎಚ್‌ಎಂವಿಯ ಎಎಸ್‌ಡಿ ಎಂಬ ಅಕ್ಷರಗಳಿಂದ ಶುರುವಾಗುವ, ಸ್ಟೀರಿಯೊ ರೆಕಾರ್ಡುಗಳಿಗೆ ಆ ಕಂಪನಿಗಳು ಕೊಟ್ಟ ಕ್ಯಾಟಲಾಗ್ ಸಂಖ್ಯೆಗಳು ಕಂಡರೆ ನಿಂತು ನೋಡಿ. ಅವುಗಳ ಮೊದಲ ಮುದ್ರಣಗಳಿಗಾಗಿ ಸಂಗ್ರಾಹಕರು ಕಾದಿರುತ್ತಾರೆ.

ಇನ್ನು ಬಾಗುವಿಕೆ. ಡಿಸ್ಕನ್ನು ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದು ತಿರುಗಿಸಿ. ಬೋಗುಣಿಯಂತೆ ಸ್ವಲ್ಪ ತಗ್ಗಿದ್ದರೆ ಸೂಜಿ ಸಂಭಾಳಿಸುತ್ತದೆ, ಅಂಚಿನಲ್ಲಿ ಒಂದೇ ಕಡೆ ಚೂಪಾಗಿ ಎದ್ದಿದ್ದರೆ ಸೂಜಿ ನೆಗೆಯುತ್ತದೆ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ವರ್ಷಗಟ್ಟಲೆ ಕೂತ ಡಿಸ್ಕಿನ ಮೇಲೆ ಹಾಲಿನಂಥ ಮಂಜು ಕಟ್ಟಿರುತ್ತದೆ. ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ರಾಸಾಯನಿಕ ಡಿಸ್ಕಿನ ಮೈಗೆ ಇಳಿದು ಆದದ್ದು ಅದು, ತೊಳೆದರೆ ಹೋಗುವುದಿಲ್ಲ, ಉದ್ದಕ್ಕೂ ಭುಸ್ಸೆನ್ನುವ ಸದ್ದು. ಬೂಷ್ಟಿನ ಬಿಳಿ ಚುಕ್ಕೆಗಳಾದರೆ ತೊಳೆದು ಉಳಿಸಿಕೊಳ್ಳಬಹುದು, ಆದರೆ ಬೂಷ್ಟು ಹಿಡಿದ ಕವರನ್ನು ನಿಮ್ಮ ಕಪಾಟಿಗೆ ಸೇರಿಸಬೇಡಿ.

ಯಾವ ಮುದ್ರಣ, ಎಷ್ಟು ಬೆಲೆ

ಹಳೆಯ ಆಲ್ಬಮ್ಮಿನ ಮೊದಲ ಮುದ್ರಣವೇ ಇದು ಎಂಬ ಆಸೆ ಹುಟ್ಟಿದಾಗ ಕವರಿನ ಹಿಂದೆ ಬಾರ್‌ಕೋಡ್ ಇದೆಯೇ ನೋಡಿ. ರೆಕಾರ್ಡ್ ಕವರುಗಳ ಮೇಲೆ ಬಾರ್‌ಕೋಡ್ ಬಳಕೆಗೆ ಬಂದದ್ದು 1970ರ ದಶಕದ ಕೊನೆಯ ಹೊತ್ತಿಗೆ; 1960ರ ದಶಕದ ಆಲ್ಬಮ್ಮಿನ ಮೇಲೆ ಅದಿದ್ದರೆ ಮರುಮುದ್ರಣ. ಖಚಿತವಾಗಬೇಕಾದರೆ ಲೇಬಲ್ಲಿನ ಸುತ್ತ ಹಾಡಿಲ್ಲದ ಖಾಲಿ ಪಟ್ಟಿಯಲ್ಲಿ ಕೊರೆದ ಅಕ್ಷರ, ಅಂಕಿಗಳನ್ನು ಓದಬೇಕು. ಅದೇ ಮ್ಯಾಟ್ರಿಕ್ಸ್ ಸಂಖ್ಯೆ. 2000ದಲ್ಲಿ ಶುರುವಾದ ಡಿಸ್ಕಾಗ್ಸ್ ತಾಣದಲ್ಲಿ ಅದನ್ನು ಹೋಲಿಸಿದರೆ ಯಾವ ಮುದ್ರಣ ಎಂಬುದು ಗೊತ್ತಾಗುತ್ತದೆ. ಅಲ್ಲಿ ನೋಡಬೇಕಾದ್ದು ಮಾರಾಟಕ್ಕಿಟ್ಟವರು ಕೇಳುತ್ತಿರುವ ಬೆಲೆಯಲ್ಲ, ನಿಜವಾಗಿ ಮಾರಾಟವಾದ ಬೆಲೆ. ಅದೂ ನಿಮ್ಮ ಕೈಯಲ್ಲಿರುವ ಸ್ಥಿತಿಯದಕ್ಕೆ. ರೆಕಾರ್ಡ್ ಪ್ರಪಂಚದ ಶ್ರೇಣಿಯಲ್ಲಿ ‘ಗುಡ್’ ಎಂದರೆ ಒಳ್ಳೆಯದಲ್ಲ, ಗೀರು ತುಂಬಿ ಸದ್ದು ಮಾಡುವಂಥದ್ದು. ನೆಮ್ಮದಿಯಾಗಿ ಕೇಳಲು ‘ವೆರಿ ಗುಡ್ ಪ್ಲಸ್’ ಇರಬೇಕು.

ಸಿಡಿಗಳ ಕಪಾಟು

ಸಿಡಿಗಳಲ್ಲಿ ಅಗ್ಗದ ಸುಗ್ಗಿ ಈಗಲೂ ಇದೆ. ಎಲ್ಲರೂ ಎಲ್‌ಪಿ ಹಿಂದೆ ಬಿದ್ದಿರುವುದರಿಂದ ಅಂಗಡಿಯವರೂ ಇವನ್ನು ಹೊರೆಯೆಂದೇ ನೋಡುತ್ತಾರೆ. ಬೆನ್ನಿನ ಮೇಲಿನ ಹೆಸರು ಓದುತ್ತಾ ಹೋಗುವಾಗ ಬೆನ್ನೇ ಇಲ್ಲದ ತೆಳು ಡಬ್ಬಿ, ರಟ್ಟಿನ ಕವರಿನವು ಕಣ್ತಪ್ಪುತ್ತವೆ. ಅವನ್ನು ಕೈಯಿಂದಲೇ ಸರಿಸಿ ನೋಡಬೇಕು. ಡಿವಿಡಿ ಸಾಲಿನಲ್ಲಿ ಸೇರಿಹೋದ ಬಾಕ್ಸ್ ಸೆಟ್ಟುಗಳೂ ಇರುತ್ತವೆ.

ಯಾವ ಡಬ್ಬಿಯನ್ನೂ ತೆರೆಯದೆ ಕೊಳ್ಳಬೇಡಿ. ಮುಚ್ಚಳ ಒಡೆದಿದ್ದರೆ, ಡಿಸ್ಕು ಕೂರುವ ಹಲ್ಲು ಮುರಿದಿದ್ದರೆ ಚಿಂತೆಯಿಲ್ಲ, ಬೇರೆ ಡಬ್ಬಿಗೆ ಬದಲಿಸಬಹುದು. ಪುಸ್ತಿಕೆ ನೀರು ಕುಡಿದು ಹಾಳೆಗಳು ಅಂಟಿದ್ದರೆ ಮಾತ್ರ ಮತ್ತೆ ಬಿಡಿಸಲಾಗದು. ಡಿಸ್ಕಿನ ತಳ ಹಸಿರು, ನೀಲಿ ಛಾಯೆಯಲ್ಲಿದ್ದರೆ ಅದು ಕಂಪ್ಯೂಟರಿನಲ್ಲಿ ಬರ್ನ್ ಮಾಡಿದ ಸಿಡಿ-ಆರ್. ಸಣ್ಣ ಕಲಾವಿದರು ಹಾಗೇ ಹೊರತಂದದ್ದೂ ಇದೆ, ಹಾಗಾಗಿ ಮುದ್ರಿತ ಕವರ್ ಇದ್ದರೆ ಇನ್ನೊಮ್ಮೆ ಯೋಚಿಸಿ.

ಗೀರುಗಳ ವಿಷಯದಲ್ಲಿ ಬಹಳ ಜನ ತಲೆಕೆಳಗಾಗಿ ನೋಡುತ್ತಾರೆ. ತಳದ ಮೈ 1.2 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್, ಸಂಗೀತವಿರುವ ಅಲ್ಯೂಮಿನಿಯಂ ಪದರ ಇರುವುದು ಮೇಲೆ, ಲೇಬಲ್ಲಿನ ಕೆಳಗೇ, ತೆಳುವಾದ ವಾರ್ನಿಶ್ಶಿನ ರಕ್ಷಣೆಯಲ್ಲಿ. ತಳದ ಗೀರನ್ನು ಪಾಲಿಶ್ ಮಾಡಬಹುದು, ಲೇಬಲ್ ಕಡೆಯಿಂದ ಕಿತ್ತುಬಂದದ್ದಕ್ಕೆ ಮದ್ದಿಲ್ಲ. ದೀಪಕ್ಕೆ ಎತ್ತಿ ಹಿಡಿದು ನೋಡಿ: ಒಂದೆರಡು ಸೂಜಿಮೊನೆ ಚುಕ್ಕೆ ಕಂಡರೆ ಪರವಾಗಿಲ್ಲ, ಬೆಳಕು ತೂರುವ ತೂತು, ಗೆರೆ ಕಂಡರೆ ಬೇಡ. ತಳದಲ್ಲಿ ಮಧ್ಯದಿಂದ ಅಂಚಿಗೆ ಹೋಗುವ ಗೀರು ಸೌಮ್ಯ. ಸಿಡಿಯ ದೋಷ ತಿದ್ದುವ ವ್ಯವಸ್ಥೆ ಟ್ರ್ಯಾಕಿನಲ್ಲಿ ಸುಮಾರು 2.5 ಮಿ.ಮೀ. ಕಾಣೆಯಾದರೂ ಪೂರ್ತಿ ಮರಳಿ ಕಟ್ಟಿಕೊಡುತ್ತದೆ, ಅಡ್ಡ ಗೀರು ಅಷ್ಟಗಲ ಇರುವುದೇ ಇಲ್ಲ. ಸುತ್ತಿನ ದಿಕ್ಕಿನಲ್ಲಿ ಬಳಸಿದ ಗೀರು ಚಿಕ್ಕದಾದರೂ ಒಂದೇ ಟ್ರ್ಯಾಕನ್ನು ಉದ್ದಕ್ಕೆ ಮುಚ್ಚುತ್ತದೆ, ಪ್ಲೇಯರ್ ತಡವರಿಸುವುದು ಅಲ್ಲೇ. ಸಿಡಿ ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುತ್ತದೆ. ಅಂಚಿನ ಹಾನಿಯೆಂದರೆ ಕೊನೆಯ ಹಾಡುಗಳ ಹಾನಿ.

ಅಂಚಿನಿಂದ ಕಂದು ಬಣ್ಣಕ್ಕೆ ತಿರುಗುತ್ತಿರುವ ಡಿಸ್ಕು ಕಂಡರೆ ಒಳ ಉಂಗುರದಲ್ಲಿ ‘ಪಿಡಿಒ’ ಎಂದಿದೆಯೇ ನೋಡಿ. ಬ್ರಿಟನ್ನಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಆ ಕಾರ್ಖಾನೆಯಲ್ಲಿ 1988ರಿಂದ 1993ರವರೆಗೆ ತಯಾರಾದ ಕೆಲವು ಸಿಡಿಗಳ ವಾರ್ನಿಶ್ಶು ಕವರಿನ ಕಾಗದದ ಗಂಧಕವನ್ನು ತಡೆಯಲಾರದೆ ಒಳಪದರ ಕೆಡುತ್ತಾ ಹೋಯಿತು. ಹಾಡಿದರೂ ಹೆಚ್ಚು ಕಾಲ ನಂಬುವಂತಿಲ್ಲ. ಅಪರೂಪದ್ದಾದರೆ ಕೊಂಡು ಅಂದೇ ಕಂಪ್ಯೂಟರಿಗೆ ಇಳಿಸಿ. 1980ರ ದಶಕದ ದಪ್ಪ ಡಬ್ಬಿಗಳಲ್ಲಿ ಸ್ಪಂಜಿನ ಹಾಳೆ ಇರುತ್ತದೆ. ಅದು ಕರಗಿ ಡಿಸ್ಕಿಗೆ ಅಂಟುವ ಮುನ್ನ ತೆಗೆದೆಸೆಯಿರಿ.

ಒಂದೇ ಆಲ್ಬಮ್ಮಿನ ಎರಡು ಸಿಡಿ ಸಿಕ್ಕರೆ ‘ರೀಮಾಸ್ಟರ್ಡ್’ (ಹಳೆಯ ಧ್ವನಿಮುದ್ರಣವನ್ನು ಹೊಸದಾಗಿ ಹದಮಾಡಿದ್ದು) ಎಂದು ಬರೆದದ್ದನ್ನೇ ಎತ್ತಿಕೊಳ್ಳಬೇಕಿಲ್ಲ. 1990ರ ದಶಕದಿಂದೀಚೆಗಿನ ಎಷ್ಟೋ ರೀಮಾಸ್ಟರುಗಳಲ್ಲಿ ಜೋರು ಹೆಚ್ಚಿಸುವ ಭರದಲ್ಲಿ ಮೆಲುದನಿ ಏರುದನಿಗಳ ಅಂತರವನ್ನೇ ಹಿಸುಕಿದ್ದಾರೆ. ‘ಮೇಡ್ ಇನ್ ವೆಸ್ಟ್ ಜರ್ಮನಿ’ ಎಂದಿರುವ ಡಿಸ್ಕು ಸುಮಾರು 1990ರ ಒಳಗಿನದೆಂಬುದು ಹೆಚ್ಚುಕಡಿಮೆ ಖಚಿತ. ಆ ಕಾಲದವನ್ನು ಹುಡುಕಿ ಕೊಳ್ಳುವವರು ಸುಮ್ಮನೆ ಕೊಳ್ಳುವುದಿಲ್ಲ.

ಮನೆಗೆ ತಂದ ಮೇಲೆ

ರೆಕಾರ್ಡನ್ನು ತೊಳೆಯದೆ ಸೂಜಿ ಇಡಬೇಡಿ. ಗ್ರೂವಿನ ಧೂಳು ಸೂಜಿಯನ್ನೂ ಸವೆಸುತ್ತದೆ. 750 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 250 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ಪಾತ್ರೆ ತೊಳೆಯುವ ದ್ರವ ಮೂರೇ ಹನಿ. ಲೇಬಲ್ ಒದ್ದೆಯಾಗದಂತೆ ಮೃದು ಬ್ರಶ್ಶಿನಿಂದ ಗ್ರೂವಿನ ದಿಕ್ಕಿನಲ್ಲೇ ಉಜ್ಜಿ, ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು, ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಣಗಿಸಿ. ನಲ್ಲಿ ನೀರು ಬೇಡ, ಸುಣ್ಣ ಉಳಿಯುತ್ತದೆ. ಒಣಗಿದ ಮೇಲೆ ಹಳೆಯ ಒಳಕವರಿಗೆ ಹಾಕಿದರೆ ತೊಳೆದದ್ದೆಲ್ಲ ವ್ಯರ್ಥ, ಹೊಸದಕ್ಕೆ ಹಾಕಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಶೆಲ್ಯಾಕ್ (ಅರಗು) ತಟ್ಟೆಗಳಿಗೆ ಈ ದ್ರಾವಣ ಮುಟ್ಟಿಸಲೇಬೇಡಿ, ಆಲ್ಕೊಹಾಲ್ ಶೆಲ್ಯಾಕನ್ನು ಕರಗಿಸುತ್ತದೆ. ಅವಕ್ಕೆ ಅಗಲ ಮೊನೆಯ ಬೇರೆಯೇ ಸೂಜಿಯೂ ಬೇಕು.

ಸಿಡಿಗೆ ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು ಸಾಕು. ಒರೆಸುವುದು ಮಧ್ಯದಿಂದ ಅಂಚಿಗೆ ನೇರವಾಗಿ, ಸುತ್ತಲೂ ಅಲ್ಲ. ಬೆಲೆಯ ಸ್ಟಿಕರ್ ತೆಗೆಯಲು ಹೇರ್ ಡ್ರೈಯರಿನ ಹದವಾದ ಬಿಸಿ ಸಾಕು; ಉಗುರುಬಣ್ಣ ತೆಗೆಯುವ ಅಸಿಟೋನ್ ಡಬ್ಬಿಯನ್ನೂ ಡಿಸ್ಕನ್ನೂ ಮಂಕಾಗಿಸುತ್ತದೆ. ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶದಲ್ಲಿ ಇಳಿಸಿಕೊಂಡರೆ ಬೇರೆಯವರ ಪ್ರತಿಯೊಡನೆ ತಾಳೆ ನೋಡಿ ಎಲ್ಲಿ ತಪ್ಪಿದೆ ಎಂದು ಅದೇ ಹೇಳುತ್ತದೆ.

ಅಂಗಡಿಯಲ್ಲಿ ಚೌಕಾಸಿ ಬೇಡ, ಆ ದುಡ್ಡು ಒಂದು ಒಳ್ಳೆಯ ಕೆಲಸಕ್ಕೆ ಹೋಗುತ್ತದೆ. ಕೇಳಿ ಮುಗಿದು ಬೇಡವೆನಿಸಿದ್ದನ್ನು ಅಲ್ಲಿಗೇ ಹಿಂತಿರುಗಿ ಕೊಡಿ. ಕೊಡುವ ಮುನ್ನ ಡಿಸ್ಕು ತನ್ನದೇ ಕವರಿನಲ್ಲಿದೆಯೇ ಎಂದು ನೋಡಿಕೊಳ್ಳಿ.