ತಪ್ಪು ಉತ್ತರ ಬರೆಯುವುದೇ ಕಷ್ಟದ ಕೆಲಸ

ಡ್ರೈವಿಂಗ್ ಲೈಸೆನ್ಸಿನ ಲಿಖಿತ ಪರೀಕ್ಷೆಗೆ ಪ್ರಶ್ನೆ ಬರೆಯುವುದು ನನ್ನ ಕೆಲಸ. ಮೊದಲು ಯಂತ್ರಗಳ ಬಳಕೆಯ ಕೈಪಿಡಿ ಬರೆಯುತ್ತಿದ್ದೆ. ಕಸುಬು ಬದಲಾಯಿತು ಅಂತ ನನಗೇನೂ ಅನ್ನಿಸಿಲ್ಲ. ಎರಡರಲ್ಲೂ ಓದುವವರು ಎದುರಿಗೆ ಇರುವುದಿಲ್ಲ. "ಹಾಗಂದ್ರೆ ಏನು?" ಅಂತ ತಿರುಗಿ ಕೇಳಲು ಅವರಿಗೆ ದಾರಿಯಿಲ್ಲ. ಕೈಪಿಡಿಯಲ್ಲಿ ಸರಿಯಾದದ್ದನ್ನು ಬರೆದರೆ ಮುಗಿಯಿತು. ಇಲ್ಲಿ ಮಾತ್ರ ಒಂದು ಸರಿ ಉತ್ತರದ ಪಕ್ಕ ಎರಡು ಮೂರು ತಪ್ಪು ಉತ್ತರಗಳನ್ನೂ ಅಷ್ಟೇ ಮುತುವರ್ಜಿಯಿಂದ ಬರೆಯಬೇಕು.

"ಹಳದಿ ದೀಪ ಬಂದಾಗ ಏನು ಮಾಡಬೇಕು?" ಅನ್ನುವ ಪ್ರಶ್ನೆ ನೋಡಿ. ಓದಲು ಸಲೀಸಾಗಿದೆ, ಆದರೆ ಇದಕ್ಕೆ ಒಂದೇ ಉತ್ತರವಿಲ್ಲ. ರಸ್ತೆ ಚಿಹ್ನೆಗಳ ಬಗ್ಗೆ 1968ರಲ್ಲಿ ಆದ ವಿಯೆನ್ನಾ ಒಪ್ಪಂದದ ಪ್ರಕಾರ ಹಳದಿ ಬಂದರೆ ನಿಲ್ಲುವ ಗೆರೆ ದಾಟಬಾರದು. ಆದರೆ ಸುರಕ್ಷಿತವಾಗಿ ನಿಲ್ಲಿಸಲು ಆಗದಷ್ಟು ಹತ್ತಿರ ಬಂದಾಗಿದ್ದರೆ ದಾಟಬಹುದು. ನಮ್ಮ ಗಾಡಿ ಎಲ್ಲಿದೆ ಅಂತ ಪ್ರಶ್ನೆಯೇ ಹೇಳದಿದ್ದರೆ ಓದುವವರು ತಮಗೆ ತೋಚಿದ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. "ಸುರಕ್ಷಿತವಾಗಿ ನಿಲ್ಲಿಸಲು ಸಾಧ್ಯವಿದೆ" ಅಂತ ಸೇರಿಸಿದರೆ ಉತ್ತರವನ್ನೇ ಕೈಗೆ ಕೊಟ್ಟಂತೆ. ಹಾಗಾಗಿ ನಾನು ಸ್ಥಿತಿಯನ್ನಷ್ಟೇ ಕೊಡುತ್ತೇನೆ: ಒಣ ರಸ್ತೆ, ಗಂಟೆಗೆ 40 ಕಿ.ಮೀ. ವೇಗ, ಗೆರೆ 60 ಮೀಟರ್ ಮುಂದಿದೆ, ಹಿಂದೆ ಯಾವ ಗಾಡಿಯೂ ಇಲ್ಲ, ದೀಪ ಈಗಷ್ಟೇ ಹಳದಿಯಾಯಿತು. ಆ ವೇಗದಲ್ಲಿ ನಿಲ್ಲಲು ಸುಮಾರು 20 ಮೀಟರ್ ಸಾಕು. ಲೆಕ್ಕ ಹಾಕಬೇಕಾಗಿಲ್ಲ, ಅಂದಾಜು ಇದ್ದರೆ ಸಾಕು. ಎರಡು ಕಡೆಗೂ ವಾದ ಮಾಡಬಹುದಾದ 20, 25 ಮೀಟರಿನ ದೂರವನ್ನು ಬೇಕೆಂದೇ ಬಳಸುವುದಿಲ್ಲ.

ಇನ್ನು ತಪ್ಪು ಉತ್ತರಗಳು. ಕೂತಲ್ಲೇ ಯೋಚಿಸಿ ಬರೆದರೆ ಅವು ಸಪ್ಪೆಯಾಗುತ್ತವೆ. "ಗಾಡಿ ಬಿಟ್ಟು ಇಳಿದು ಓಡುತ್ತೇನೆ" ಅನ್ನುವಂಥದ್ದನ್ನು ಯಾರು ಆರಿಸುತ್ತಾರೆ? ಅದೊಂದು ಜಾಗ ಸುಮ್ನೆ ದಂಡ. ನಾನು ಆಯ್ಕೆಗಳಿಲ್ಲದೆ ಬರೀ ಪ್ರಶ್ನೆಯನ್ನು ಕಲಿಯುವವರ ಮುಂದಿಟ್ಟು, ಅವರ ಮಾತಿನಲ್ಲೇ ಉತ್ತರ ಬರೆಸುತ್ತೇನೆ. "ಕೆಂಪು ಬರೋದ್ರೊಳಗೆ ದಾಟಿಬಿಡ್ತೀನಿ" ಅನ್ನುವುದು ಹಾಗೆ ಸಿಗುವ ಉತ್ತರ. ಇದು ಜನ ನಿಜವಾಗಿಯೂ ನಂಬಿರುವ ತಪ್ಪು. ಭಾಷೆ ತಿದ್ದಿ ಅದನ್ನೇ ಆಯ್ಕೆಯಾಗಿ ಇಡುತ್ತೇನೆ.

ಬ್ರೇಕಿನ ಪ್ರಶ್ನೆಯಲ್ಲಿ ಪದಗಳ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ತುಂಬಾ ಜನ ಎರಡು ಪಟ್ಟು ಅಂದುಕೊಂಡಿರುತ್ತಾರೆ, ಹಾಗಾಗಿ ತಪ್ಪು ಆಯ್ಕೆ ತಾನಾಗೇ ಸಿಗುತ್ತದೆ. ಆದರೆ ಪ್ರಶ್ನೆಯಲ್ಲಿ "ಗಾಡಿ ನಿಲ್ಲಲು ಬೇಕಾದ ದೂರ" ಅಂತ ಬರೆದರೆ ನಾಲ್ಕು ಪಟ್ಟು ಅನ್ನುವುದೂ ತಪ್ಪೇ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸಾಗಿದ ದೂರವೂ ಅದರಲ್ಲಿ ಸೇರುತ್ತದೆ, ಅದು ಎರಡೇ ಪಟ್ಟಾಗುವುದು. ಕಣ್ಣಿನಿಂದ ಕಾಲಿಗೆ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಒಳ್ಳೆಯ ಒಣ ರಸ್ತೆಯಲ್ಲಿ, 50 ಕಿ.ಮೀ. ವೇಗದಲ್ಲಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು 14, ಬ್ರೇಕ್ ಹಿಡಿದ ಮೇಲೆ 14, ಒಟ್ಟು 28 ಮೀಟರ್. 100ರಲ್ಲಿ 28 ಮತ್ತು 56, ಒಟ್ಟು 84. ಅಂದರೆ ಮೂರು ಪಟ್ಟು. ವಿಷಯ ಚೆನ್ನಾಗಿ ಗೊತ್ತಿದ್ದವರೇ ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ತಿಳಿದವರನ್ನು ಬೀಳಿಸುವ ಪ್ರಶ್ನೆ ಯಾರಿಗೆ ಬೇಕು?

ಬರೆದಾದ ಮೇಲೆ ಆಯ್ಕೆಗಳನ್ನು ಓದದೆ ಬರೀ ಉದ್ದ ನೋಡುತ್ತೇನೆ. ಉದ್ದ ನೋಡಿಯೇ ಉತ್ತರ ಊಹಿಸುವಂತಿರಬಾರದು. ಸಾಮಾನ್ಯವಾಗಿ ಸರಿ ಉತ್ತರವೇ ಉದ್ದವಾಗಿರುತ್ತದೆ, ಯಾಕೆಂದರೆ ಬರೆದವರು "ಹಿಂದೆ ಗಾಡಿ ಇಲ್ಲದಿದ್ದರೆ", "ರಸ್ತೆ ಒಣಗಿದ್ದರೆ" ಅಂತ ಎಲ್ಲ ಷರತ್ತನ್ನೂ ಅದಕ್ಕೇ ತುಂಬಿರುತ್ತಾರೆ. ಷರತ್ತುಗಳನ್ನು ಎತ್ತಿ ಪ್ರಶ್ನೆಗೇ ಸೇರಿಸಿದರೆ ಆಯ್ಕೆಗಳು ಸಮವಾಗುತ್ತವೆ. "ಮೇಲಿನ ಎಲ್ಲವೂ" ಅನ್ನುವ ಆಯ್ಕೆಯನ್ನು ನಾನು ಹಾಕುವುದೇ ಇಲ್ಲ. ಎರಡು ಸರಿ ಅಂತ ಗೊತ್ತಾದರೆ ಸಾಕು, ಮೂರನೆಯದನ್ನು ಓದದೆಯೂ ಗುರುತು ಹಾಕಬಹುದು.

ಯಾವ ತಪ್ಪಿಗೆ ಎಷ್ಟು ದಂಡ ಅನ್ನುವ ಪ್ರಶ್ನೆಗಳೂ ನನಗೆ ಆಗಿಬರುವುದಿಲ್ಲ. ಬರೆಯಲು ಬಲು ಸುಲಭ, ಅದಕ್ಕೇ ಎಲ್ಲರೂ ಬರೆಯುತ್ತಾರೆ. ಮೊತ್ತ ಬಾಯಿಪಾಠ ಇದ್ದ ಮಾತ್ರಕ್ಕೆ ತಿರುವಿನಲ್ಲಿ ಯಾರೂ ನಿಧಾನ ಮಾಡುವುದಿಲ್ಲ. ಮೇಲಾಗಿ ದಂಡ ಬದಲಾದ ದಿನವೇ ಪ್ರಶ್ನೆ ಹಳಸುತ್ತದೆ. ನಿಯಮಗಳೂ ಬದಲಾಗುತ್ತವೆ, ಹಾಗಾಗಿ ಪ್ರತಿ ಪ್ರಶ್ನೆಯ ಮುಂದೆ ಅದು ಯಾವ ನಿಯಮದಿಂದ ಬಂತು ಅಂತ ಸಂಖ್ಯೆ ಬರೆದಿಡುತ್ತೇನೆ. ತಿದ್ದುಪಡಿ ಬಂದಾಗ ಹುಡುಕಾಡುವ ಗೋಳು ಇರುವುದಿಲ್ಲ.

ಪರೀಕ್ಷೆ ಮುಗಿದ ಮೇಲೂ ಕೆಲಸ ಇದೆ. ಒಟ್ಟಾರೆ ಚೆನ್ನಾಗಿ ಮಾಡಿದವರು ಒಂದು ಪ್ರಶ್ನೆಯಲ್ಲಿ ಎಡವಿ, ಕಡಿಮೆ ಅಂಕದವರು ಅದನ್ನೇ ಸರಿ ಮಾಡಿದ್ದರೆ ನನ್ನ ಅನುಮಾನ ಮೊದಲು ಪ್ರಶ್ನೆಯ ಮೇಲೆ. ಆದರೆ ಎಲ್ಲರೂ ಸರಿ ಮಾಡುವ ಪ್ರಶ್ನೆಯನ್ನು ನಾನು ತೆಗೆಯುವುದಿಲ್ಲ. ಕೆಲವೇ ಸೀಟುಗಳಿಗೆ ಜನರನ್ನು ಸೋಸುವ ಪರೀಕ್ಷೆಯಾದರೆ ಅದು ವ್ಯರ್ಥ, ನಿಜ. ಇಲ್ಲಿ ಯಾರ ಮೇಲೂ ಯಾರಿಗೂ ಪೈಪೋಟಿಯಿಲ್ಲ. ದಾರಿ ಬಿಡಿ ಅನ್ನುವ ಚಿಹ್ನೆ ತಲೆಕೆಳಗಾದ ತ್ರಿಕೋನ ಅಂತ ನೂರಕ್ಕೆ ನೂರು ಜನರಿಗೂ ಗೊತ್ತಿದ್ದರೆ ಒಳ್ಳೆಯದೇ ಅಲ್ವಾ? ಆ ಪ್ರಶ್ನೆ ಹಾಗೇ ಇರಲಿ.